ಹಾಲಿನ ತೊಟ್ಟೆಯಿಂದ ಶುರು ಮಾಡಿ: ತೆಳು ಪ್ಲಾಸ್ಟಿಕ್ಕನ್ನು ಮರುಬಳಕೆಗೆ ತಲುಪಿಸಲು ಹತ್ತು ಮನೆಗಳ ಮಾರ್ಗದರ್ಶಿ

ಅರ್ಧ ಲೀಟರಿನ ಹಾಲಿನ ತೊಟ್ಟೆ, ಎಂದರೆ ಪ್ಲಾಸ್ಟಿಕ್ ಪ್ಯಾಕೆಟ್, ಖಾಲಿಯಾದ ಮೇಲೆ ಎಷ್ಟು ತೂಗುತ್ತದೆ ಗೊತ್ತಾ? ಎರಡೂವರೆ ಗ್ರಾಂ, ಹೆಚ್ಚೆಂದರೆ ಮೂರು. ದಿನಕ್ಕೊಂದು ತೊಟ್ಟೆ ತರುವ ಮನೆಯಲ್ಲಿ ವರ್ಷ ತುಂಬುವಾಗ ಸುಮಾರು 1 ಕಿಲೋ ಆಗುತ್ತದೆ. ಒಂದು ಕಿಲೋ ತೊಟ್ಟೆಗಾಗಿ ಯಾವ ಗುಜರಿಯವರೂ ನಮ್ಮ ಗುಡ್ಡ ಹತ್ತಿ ಬರುವುದಿಲ್ಲ. ಆದರೆ 50 ಮನೆ ಸೇರಿದರೆ ತಿಂಗಳಿಗೆ ನಾಲ್ಕು ಕಿಲೋ ಹತ್ತಿರ ಬರುತ್ತದೆ. ಅದಕ್ಕೆ ಸಕ್ಕರೆ, ಬೇಳೆ, ಬ್ರೆಡ್ಡಿನ ತೊಟ್ಟೆಗಳು ಸೇರಿದರೆ ಗೋಣಿ ತುಂಬುತ್ತದೆ. ಗೋಣಿ ತುಂಬಿದರೆ ಕೇಳುವವರು ಬರುತ್ತಾರೆ.

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದ ಕಡೆ. ನಾಲ್ಕು ವರ್ಷದಿಂದ ನೆರೆಕರೆಯವರು ಸೇರಿ ಈ ಕೆಲಸ ಮಾಡುತ್ತಿದ್ದೇವೆ. ಮೊದಲು ಹತ್ತು ಮನೆ ಇತ್ತು, ಈಗ ಮೂವತ್ತರ ಮೇಲೆ. ಇಲ್ಲಿ ಬರೆದದ್ದು ಬಹುಪಾಲು ಮಾಡಿ ಕಲಿತದ್ದು. ಕುಂಬಳೆ, ಮಂಜೇಶ್ವರ, ಮುಳ್ಳೇರಿಯ, ಅಡೂರು, ಎಲ್ಲಿಯವರಾದರೂ ಹೆಚ್ಚುಕಡಿಮೆ ಹೀಗೇ ಮಾಡಬಹುದು.

ಶುರುವಿಗೆ ಮೊದಲು: ಬಚ್ಚಲ ಒಲೆ

ನಮ್ಮ ಕಡೆ ತೆಳು ಪ್ಲಾಸ್ಟಿಕ್ ಜಾಸ್ತಿ ಹೋಗುವುದು ರಸ್ತೆಬದಿಗಲ್ಲ, ಬಚ್ಚಲ ಒಲೆಗೆ. ಮಳೆಗಾಲದಲ್ಲಿ ಕಟ್ಟಿಗೆ ಹಸಿ ಇರುತ್ತದೆ. ಒಂದು ತೊಟ್ಟೆ ಹಾಕಿದರೆ ಭಗ್ಗನೆ ಹತ್ತುತ್ತದೆ. ಹಿರಿಯರು ಮಾಡಿದ್ದನ್ನು ನೋಡಿ ನಾವೂ ಮಾಡಿದೆವು. ತೊಟ್ಟೆ ಉರಿದ ಹೊಗೆಯನ್ನು ಮೊದಲು ಕುಡಿಯುವುದು ಒಲೆಯ ಮುಂದೆ ಕೂತವರು. ಅದರಲ್ಲೂ ಪಿವಿಸಿ (ಪೈಪಿನ ಪ್ಲಾಸ್ಟಿಕ್) ಸೇರಿದ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಬೂದಿಯಲ್ಲೂ ಉಳಿಯುತ್ತದೆ. ಆ ಬೂದಿಯನ್ನೇ ನಾವು ತೆಂಗಿನ ಬುಡಕ್ಕೆ ಹಾಕುತ್ತೇವೆ, ಪಾತ್ರೆ ತಿಕ್ಕುತ್ತೇವೆ. ಎಂಡೋಸಲ್ಫಾನ್ ಕೀಟನಾಶಕದ ನೋವು ಉಂಡ ಜಿಲ್ಲೆ ನಮ್ಮದು. ಗಾಳಿಯಲ್ಲಿ ಬರುವ ವಿಷ ಏನು ಮಾಡುತ್ತದೆ ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾಗಿ ಮೊದಲ ಕೆಲಸ ಇದು: ಒಲೆಯ ಹತ್ತಿರ ಒಂದು ಹಳೆ ಡಬ್ಬದಲ್ಲಿ ಗರಟೆಯ ಚೂರು, ಒಣ ಅಡಿಕೆ ಸಿಪ್ಪೆ, ತೆಂಗಿನ ಸೋಗೆ ತುಂಬಿಸಿಡಿ. ಬೇಸಿಗೆಯಲ್ಲೇ ತುಂಬಿಸಿ. ಬೆಂಕಿ ಹಿಡಿಸಲು ಕೈಗೆ ಸಿಗುವ ಜಾಗದಲ್ಲಿ ಬೇರೆ ಏನಾದರೂ ಇದ್ದರೆ ತೊಟ್ಟೆ ತಾನಾಗಿ ಉಳಿಯುತ್ತದೆ. ಸುಮ್ನೆ "ಸುಡಬೇಡಿ" ಎಂದು ಹೇಳಿದರೆ ಯಾರೂ ಬಿಡುವುದಿಲ್ಲ.

ಹೆಜ್ಜೆ 1: ಯಾವುದು ಯಾವ ತೊಟ್ಟೆ ಎಂದು ಕೈಯಿಂದ ಕಲಿಯಿರಿ

ತೆಳು ಪ್ಲಾಸ್ಟಿಕ್ ಎಂದರೆ ಕೈಯಲ್ಲಿ ಮುದ್ದೆ ಮಾಡಲು ಬರುವ ಪ್ಲಾಸ್ಟಿಕ್. ಎಲ್ಲವೂ ನೋಡಲು ಒಂದೇ ಥರ. ಆದರೆ ಒಳಗೆ ಬೇರೆ ಬೇರೆ.

ಹಾಲಿನ ತೊಟ್ಟೆಯ ಒಂದು ತುದಿ ಹಿಡಿದು ಎಳೆದು ನೋಡಿ. ಹರಿಯುವ ಮೊದಲು ರಬ್ಬರಿನ ಹಾಗೆ ಸ್ವಲ್ಪ ಉದ್ದವಾಗುತ್ತದೆ. ಇದು ಎಲ್‌ಡಿಪಿಇ ಜಾತಿ. ತ್ರಿಕೋನದ ಗುರುತು ಇದ್ದರೆ ಒಳಗೆ 4 ಎಂದಿರುತ್ತದೆ. ಮರುಬಳಕೆಗೆ ತುಂಬ ಒಳ್ಳೆಯದು. ಬಬಲ್ ಹಾಳೆ, ಹಾಸಿಗೆ ಮತ್ತು ಕುರ್ಚಿ ಸುತ್ತಿ ಬರುವ ಪ್ಲಾಸ್ಟಿಕ್, ಅಡಿಕೆ ಒಣಗಿಸುವ ಸೋಲಾರ್ ಗೂಡಿನ ಹಾಳೆ, ಇವೂ ಹೆಚ್ಚಾಗಿ ಇದೇ ಜಾತಿ.

ಮುದ್ದೆ ಮಾಡುವಾಗ ಪರಪರ ಸದ್ದು ಬಂದು, ಎಳೆದರೆ ಹಿಗ್ಗದೆ ಹರಿದರೆ ಅದು ಪಿಪಿ ಇರಬಹುದು. ಅದರ ಗುರುತು 5. ಹೊಸ ಅಂಗಿ ಹಾಕಿ ಕೊಡುವ ಹೊಳಪಿನ ತೊಟ್ಟೆ ಇದಕ್ಕೆ ಉದಾಹರಣೆ. ಗೊಬ್ಬರದ ನೇಯ್ದ ಚೀಲವೂ ಪಿಪಿ. ಜವಳಿ ಅಂಗಡಿಯ ಬಟ್ಟೆಯಂಥ ಕೈಚೀಲ ಇದೆಯಲ್ಲ, ಅದನ್ನು ಹಲವರು ಬಟ್ಟೆ ಎಂದೇ ತಿಳಿದಿದ್ದಾರೆ. ಅದೂ ಪಿಪಿ ಪ್ಲಾಸ್ಟಿಕ್.

ಇನ್ನೊಂದು ಬೆಳ್ಳಿ ತೊಟ್ಟೆ. ಚಿಪ್ಸ್, ಶಾಂಪೂ ಸ್ಯಾಶೆ, ಮಸಾಲೆ ಹುಡಿಯ ಪ್ಯಾಕೆಟ್. ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಮುದ್ದೆ ಮಾಡಿ ಬಿಟ್ಟರೆ ಹೆಚ್ಚಿನವು ನಿಧಾನಕ್ಕೆ ಬಿಡಿಸಿಕೊಳ್ಳುತ್ತವೆ. ಎರಡು ಮೂರು ಬಗೆಯ ಪದರಗಳನ್ನು ಅಂಟಿಸಿ, ನಡುವೆ ಅಲ್ಯೂಮಿನಿಯಂ ಸೇರಿಸಿ ಮಾಡಿದ್ದು ಇದು. ಆ ಪದರಗಳನ್ನು ಬಿಡಿಸುವುದು ಕಷ್ಟ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಅನುಮಾನ ಬಂದರೆ ಒಂದು ಚೂರನ್ನು ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ, ಅಂಟಿದ ಗಾಳಿ ಬಿಡಿಸಿ ಕೈ ಬಿಡಿ. 2, 4, 5 ಗುರುತಿನವು ತೇಲುತ್ತವೆ. ಪಿಇಟಿ (ನೀರಿನ ಬಾಟಲಿಯ ಪ್ಲಾಸ್ಟಿಕ್) ಮತ್ತು ಪಿವಿಸಿ ಮುಳುಗುತ್ತವೆ. ಬೆಂಕಿ ಹಚ್ಚಿ ವಾಸನೆ ನೋಡುವ ಪರೀಕ್ಷೆ ಬೇಡವೇ ಬೇಡ.

ಯಾಕೆ ಇಷ್ಟು ಬೇರೆ ಮಾಡಬೇಕು? ಎಲ್‌ಡಿಪಿಇ ಸುಮಾರು 110 ಡಿಗ್ರಿಯಲ್ಲಿ ಕರಗುತ್ತದೆ. ಪಿಪಿ ಕರಗಲು 160 ಡಿಗ್ರಿ ಹತ್ತಿರ ಬೇಕು. ಹಾಲಿನ ತೊಟ್ಟೆಗಳ ನಡುವೆ ಪಿಪಿ ಸೇರಿದರೆ ಅದು ಸರಿಯಾಗಿ ಬೆರೆಯದೆ ಗಂಟಾಗಿ ಉಳಿಯುತ್ತದೆ. ಹೊಸ ಹಾಳೆ ಎಳೆಯುವಾಗ ಗಂಟಿದ್ದಲ್ಲಿ ತೂತು ಬೀಳುತ್ತದೆ. ಹಾಗಾಗಿ ಕಲಬೆರಕೆ ಗೋಣಿಗೆ ಬೆಲೆ ಇಲ್ಲ.

"ಕಾಂಪೋಸ್ಟೆಬಲ್" ಎಂದು ಬರೆದ ತೊಟ್ಟೆಯನ್ನೂ ಈ ಗುಂಪಿಗೆ ಹಾಕಬೇಡಿ. ಅದು ಬೇರೆಯೇ ವಸ್ತು. ಮರುಬಳಕೆಯ ಗೋಣಿಗೆ ಸೇರಿದರೆ ಉಳಿದದ್ದನ್ನೂ ಕೆಡಿಸುತ್ತದೆ.

ಹೆಜ್ಜೆ 2: ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಕೇಳಿ

ಮೊದಲು ರಾಶಿ ಹಾಕಿ, ಆಮೇಲೆ ಯಾರಿಗೆ ಕೊಡುವುದು ಎಂದು ಹುಡುಕಿದರೆ ಸೋಲುತ್ತೀರಿ. ನಾವು ಹಾಗೆ ಸೋತಿದ್ದೇವೆ. ಮೊದಲ ವರ್ಷ ಆರು ಗೋಣಿ ಸೇರಿಸಿ ಪಿಕಪ್ ಬಾಡಿಗೆ ಕೊಟ್ಟು ಒಬ್ಬ ವ್ಯಾಪಾರಿಯ ಹತ್ತಿರ ಒಯ್ದೆವು. ಅವರು ಒಂದು ಗೋಣಿಯ ಬಾಯಿ ಬಿಚ್ಚಿದರು. ಹುಳಿ ವಾಸನೆ ಬಂತು. ಎಲ್ಲವನ್ನೂ ವಾಪಸು ಕಳಿಸಿದರು. ಬೇಸರವಾದರೂ ಅವರು ಹೇಳಿದ್ದು ಸರಿ ಇತ್ತು. ಒಳಗೆ ಹಾಲಿನ ಅಂಶ, ನೀರು, ಬೆಳ್ಳಿ ತೊಟ್ಟೆ, ಎಲ್ಲ ಸೇರಿತ್ತು.

ಕೇರಳದಲ್ಲಿ ಇದಕ್ಕೊಂದು ದಾರಿ ಇದೆ. ಒಣ ಕಸ ಒಯ್ಯಲು ಮನೆಮನೆಗೆ ಬರುವವರು ಹರಿತ ಕರ್ಮ ಸೇನೆಯವರು. ಹೆಚ್ಚಿನವರು ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಕೂಟದ ಅಕ್ಕಂದಿರು. ಅವರು ಸೇರಿಸಿದ್ದು ವಾರ್ಡಿನ ಮಿನಿ ಎಂಸಿಎಫ್‌ಗೆ, ಎಂದರೆ ಆ ಕಬ್ಬಿಣದ ಬಲೆಯ ಗೂಡಿಗೆ ಹೋಗುತ್ತದೆ. ಅಲ್ಲಿಂದ ಪಂಚಾಯತಿನ ಎಂಸಿಎಫ್ ಎಂಬ ದೊಡ್ಡ ಸಂಗ್ರಹ ಕೇಂದ್ರಕ್ಕೆ. ಅಲ್ಲಿ ವಿಂಗಡಣೆ. ಆಮೇಲೆ ಆರ್‌ಆರ್‌ಎಫ್ ಎಂಬ ಸಂಸ್ಕರಣಾ ಘಟಕಕ್ಕೆ, ಅಥವಾ ನೇರವಾಗಿ ಸರಕಾರದ ಕ್ಲೀನ್ ಕೇರಳ ಕಂಪನಿಗೋ ಪಂಚಾಯತು ಒಪ್ಪಂದ ಮಾಡಿಕೊಂಡ ಬೇರೆ ಸಂಸ್ಥೆಗೋ ಹೋಗುತ್ತದೆ. ವಿಂಗಡಿಸಿದ ಒಳ್ಳೆಯ ಪ್ಲಾಸ್ಟಿಕ್ಕಿಗೆ ಹಣ ಬರುತ್ತದೆ, ಅದು ಸೇನೆಯ ಅಕ್ಕಂದಿರಿಗೆ ಆಸರೆ. ಕೊಳಕಾದ, ಕಲಬೆರಕೆಯಾದದ್ದನ್ನು ಸಾಗಿಸಲು ಪಂಚಾಯತೇ ಹಣ ಕೊಡಬೇಕು. ಅದೇ ತೊಟ್ಟೆ, ನಮ್ಮ ಅಡುಗೆಮನೆಯಿಂದ ಹೇಗೆ ಹೊರಟಿತು ಎಂಬುದರ ಮೇಲೆ ಒಂದೋ ಆದಾಯ, ಇಲ್ಲಾ ಖರ್ಚು.

ಹಾಗಾಗಿ ಪಂಚಾಯತು ಕಚೇರಿಗೆ ಹೋಗಿ, ಇಲ್ಲಾ ವಾರ್ಡ್ ಮೆಂಬರ್ ಹತ್ತಿರ ಮೂರು ಪ್ರಶ್ನೆ ಕೇಳಿ. ನಮ್ಮ ಪಂಚಾಯತಿನಿಂದ ತೆಳು ಪ್ಲಾಸ್ಟಿಕ್ ಒಯ್ಯುವವರು ಯಾರು? ಅವರು ಹಾಲಿನ ತೊಟ್ಟೆಯನ್ನು ಬೇರೆಯಾಗಿ ತೆಗೆದುಕೊಳ್ಳುತ್ತಾರಾ? ನಾವು ವಿಂಗಡಿಸಿ ಕೊಟ್ಟರೆ ಗೋಣಿ ಬಿಚ್ಚದೆ ಹಾಗೇ ಕಳಿಸುತ್ತೀರಾ? ಮೂರನೆಯ ಪ್ರಶ್ನೆ ಮುಖ್ಯ. ನಾವು ಬೇರೆ ಮಾಡಿ ಕೊಟ್ಟದ್ದು ಗಾಡಿಯಲ್ಲಿ ಮತ್ತೆ ಒಂದಾದರೆ ಜನರ ಮನಸ್ಸು ಮುರಿಯುತ್ತದೆ. ಆಮೇಲೆ ಕಟ್ಟುವುದು ಬಹಳ ಕಷ್ಟ.

ಹೆಜ್ಜೆ 3: ಹತ್ತು ಮನೆ ಸಾಕು, ಆದರೆ ಖಚಿತವಾದ ಹತ್ತು

ಊರಿಡೀ ಒಮ್ಮೆಲೇ ಬೇಡ. ಕುಟುಂಬಶ್ರೀಯ ಅಯಲ್‌ಕೂಟ (ನೆರೆಕರೆಯ ಗುಂಪು) ಇದ್ದರೆ ಅದರ ವಾರದ ಕೂಟದಲ್ಲೇ ಮಾತು ತೆಗೆಯಿರಿ. ಹೋಗುವಾಗ ತೊಳೆದು ಒಣಗಿಸಿದ ಹತ್ತು ತೊಟ್ಟೆ, ತೊಳೆಯದೆ ಒಂದು ವಾರ ಇಟ್ಟ ಹತ್ತು ತೊಟ್ಟೆ, ಎರಡನ್ನೂ ಬೇರೆ ಬೇರೆ ಡಬ್ಬದಲ್ಲಿ ಒಯ್ಯಿರಿ. ಎರಡರ ಮುಚ್ಚಳವನ್ನೂ ತೆಗೆದು ತೋರಿಸಿ. ನಮ್ಮಲ್ಲಿ ಒಂದು ಗಂಟೆಯ ಭಾಷಣ ಮಾಡದ ಕೆಲಸವನ್ನು ಆ ವಾಸನೆ ಮಾಡಿತು.

ಚೀಟಿ ಹಂಚುವುದಾದರೆ ಭಾಷೆಯ ಬಗ್ಗೆ ಗಮನ ಇರಲಿ. ನಮ್ಮ ಓಣಿಯಲ್ಲೇ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ ಮಾತಾಡುವ ಮನೆಗಳಿವೆ. ಮಲಯಾಳದಲ್ಲಿ ಮಾತ್ರ ಬಂದ ಸೂಚನೆಯನ್ನು ಹಲವು ಹಿರಿಯರು ಓದದೆ ಮಡಚಿಡುತ್ತಾರೆ. ಕನ್ನಡದಲ್ಲಿ ಮಾತ್ರ ಬರೆದರೆ ಉಳಿದವರು ಹೊರಗಾಗುತ್ತಾರೆ. ನಾವು ಎರಡೂ ಭಾಷೆಯಲ್ಲಿ ಬರೆದು, ಪಕ್ಕದಲ್ಲಿ ನಿಜವಾದ ತೊಟ್ಟೆಯ ಚೂರನ್ನೇ ಅಂಟಿಸಿದೆವು. ಓದು ಬರದವರಿಗೂ ತಿಳಿಯಿತು.

ಹೆಜ್ಜೆ 4: ಕತ್ತರಿಸುವುದು, ತೊಳೆಯುವುದು

ಹಾಲಿನ ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬೇಡಿ. ಒಂದು ಬದಿ ಅಂಟಿಕೊಂಡಿರುವ ಹಾಗೆ ಕತ್ತರಿಸಿ. ಆ ಸಣ್ಣ ಮೂಲೆ ಯಾರ ಕೈಗೂ ಸಿಗುವುದಿಲ್ಲ. ಚರಂಡಿಗೆ ಹೋಗುತ್ತದೆ, ಅಲ್ಲಿಂದ ಹೊಳೆಗೆ. ಇಲ್ಲಿ ನೀರು ಶಿರಿಯ ಹೊಳೆಗೋ ಪಯಸ್ವಿನಿಗೋ ಸೇರುತ್ತದೆ, ಅಲ್ಲಿಂದ ಕಡಲು ದೂರವೇನೂ ಇಲ್ಲ.

ಹಾಲು ಪಾತ್ರೆಗೆ ಹೊಯ್ದ ಕೂಡಲೇ ತೊಳೆಯಿರಿ. ಸಂಜೆಗೆ ಬಿಟ್ಟರೆ ಒಳಗೆ ಒಣಗಿ ಅಂಟುತ್ತದೆ, ಮತ್ತೆ ತೊಳೆಯಲು ಮೂರು ಪಟ್ಟು ನೀರು ಬೇಕು. ತೊಟ್ಟೆಯ ಒಂದು ಬದಿ ಉದ್ದಕ್ಕೆ ಸೀಳಿ, ಅಕ್ಕಿ ತೊಳೆದ ನೀರಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಆ ನೀರು ಅಕ್ಕಚ್ಚಿನ ಬಾನಿಗೆ ಹೋಗಲಿ, ದನ ಕುಡಿಯುತ್ತದೆ. ದನ ಇಲ್ಲದ ಮನೆಯವರು ಬಸಳೆ ಬುಡಕ್ಕೆ ಹಾಕಿ. ಮಾರ್ಚ್, ಏಪ್ರಿಲ್‌ನಲ್ಲಿ ಬಾವಿ, ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗ ಬತ್ತುವ ಊರು ನಮ್ಮದು. ಕುಡಿಯುವ ನೀರು ಸುರಿದು ತೊಟ್ಟೆ ತೊಳೆಯಿರಿ ಎಂದು ಯಾರಿಗೂ ಹೇಳಲಾರೆ, ಹೇಳಬೇಕಾಗಿಯೂ ಇಲ್ಲ.

ಎಣ್ಣೆ ತೊಟ್ಟೆ ಸ್ವಲ್ಪ ಹಠಮಾರಿ. ಮೂಲೆ ಕೆಳಗೆ ಮಾಡಿ ಒಂದು ಗಂಟೆ ತೂಗುಹಾಕಿ. ಉಳಿದ ಎಣ್ಣೆ ಇಳಿಯುತ್ತದೆ. ಆಮೇಲೆ ಸೀಳಿ, ಹಳೆ ಪೇಪರಿನಿಂದ ಒರೆಸಿ, ಪಾತ್ರೆ ತೊಳೆದ ಸೋಪಿನ ನೀರಿನಲ್ಲಿ ಕೊನೆಗೆ ಅದ್ದಿ. ಬೂತಾಯಿ, ಬಂಗುಡೆ ತರುವ ತೊಟ್ಟೆಯನ್ನು ತೊಳೆದರೂ ವಾಸನೆ ಬಿಡುವುದಿಲ್ಲ. ಮೀನಿನವರ ಹತ್ತಿರ ಪಾತ್ರೆ ಕೊಂಡುಹೋಗುವುದೇ ಸರಿ. ನಮ್ಮ ಓಣಿಗೆ ಸ್ಕೂಟರಿನಲ್ಲಿ ಮೀನು ತರುವವರು ಈಗ ಪಾತ್ರೆ ನೋಡಿದರೆ ಒಂದು ಮೀನು ಜಾಸ್ತಿ ಹಾಕುತ್ತಾರೆ.

ಬ್ರೆಡ್ಡು, ಬೇಳೆ, ಸಕ್ಕರೆಯ ತೊಟ್ಟೆಯನ್ನು ಕೊಡವಿದರೆ ಸಾಕು. ಕೊರಿಯರ್ ಚೀಲದ ಮೇಲಿನ ಕಾಗದದ ಲೇಬಲ್ ಕತ್ತರಿಸಿ ತೆಗೆಯಿರಿ. ಸ್ಟೇಪಲ್ ಪಿನ್ ಇದ್ದರೆ ತೆಗೆಯಿರಿ. ಪಿನ್ ಯಂತ್ರಕ್ಕೂ ಕೆಟ್ಟದು, ವಿಂಗಡಿಸುವ ಅಕ್ಕಂದಿರ ಬೆರಳಿಗೂ ಕೆಟ್ಟದು.

ಹೆಜ್ಜೆ 5: ಮಳೆಗಾಲದಲ್ಲಿ ಒಣಗಿಸುವುದು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ವರ್ಷಕ್ಕೆ 3,500 ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಜಿಲ್ಲೆ ಇದು. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗುವುದಿಲ್ಲ, ಇನ್ನು ತೊಟ್ಟೆ ಒಣಗಿಸುವುದು ಹೇಗೆ? ನಮ್ಮ ಮೊದಲ ಆರು ಗೋಣಿ ಹಾಳಾದದ್ದು ಇಲ್ಲೇ. ತೊಳೆದದ್ದೂ ಅರೆಬರೆ, ಒಣಗಿಸಿರಲೇ ಇಲ್ಲ. ಮರುಬಳಕೆ ಕಾರ್ಖಾನೆಯಲ್ಲಿ ತೊಟ್ಟೆಯನ್ನು ಕರಗಿಸಿ, ನೂಲಿನ ಹಾಗೆ ಎಳೆದು, ಸಣ್ಣ ಕಾಳುಗಳಾಗಿ ಕತ್ತರಿಸುತ್ತಾರೆ. ನೀರಿನ ಅಂಶ ಇದ್ದರೆ ಕರಗುವಾಗ ಅದು ಆವಿಯಾಗಿ ಗುಳ್ಳೆ ಏಳುತ್ತದೆ, ಕಾಳು ಟೊಳ್ಳಾಗುತ್ತದೆ. ಅದಕ್ಕಿಂತ ಮೊದಲೇ ಗೋಣಿಯೊಳಗೆ ಬೂಸ್ಟು ಬರುತ್ತದೆ. ತೂಕ ಹೆಚ್ಚಿಸಲು ನೀರು ಹಾಕಿದ್ದಾರೆ ಎಂದು ಕೊಳ್ಳುವವರು ಅನುಮಾನವನ್ನೂ ಪಡುತ್ತಾರೆ.

ನಾವು ಕಂಡುಕೊಂಡ ದಾರಿ ಇದು. ಜಗಲಿಯ ಮಾಡಿನ ಕೆಳಗೆ, ಇರಿಚಲು ಬೀಳದ ಕಡೆ, ಒಂದು ಹಗ್ಗ ಕಟ್ಟಿ. ತೊಟ್ಟೆಯನ್ನು ಸೀಳಿದ ಬದಿ ಕೆಳಗೆ ಬರುವ ಹಾಗೆ ಬಟ್ಟೆಯ ಕ್ಲಿಪ್ಪಿನಲ್ಲಿ ನೇತುಹಾಕಿ. ಒಂದು ಕ್ಲಿಪ್ಪಿಗೆ ಒಂದೇ ತೊಟ್ಟೆ. ಎರಡು ಒಟ್ಟಿಗೆ ಹಾಕಿದರೆ ನಡುವೆ ನೀರು ನಿಲ್ಲುತ್ತದೆ. ಹಾಕುವ ಮೊದಲು ಎರಡು ಸಲ ಜೋರಾಗಿ ಕೊಡವಿ. ಅರ್ಧ ನೀರು ಅಲ್ಲೇ ಹೋಗುತ್ತದೆ. ಆಟಿ ತಿಂಗಳಲ್ಲೂ ಹೀಗೆ ಹಾಕಿದ್ದು ಎರಡು ದಿನದಲ್ಲಿ ಒಣಗಿದ್ದನ್ನು ನೋಡಿದ್ದೇನೆ. ಹಳೆ ಕೊಡೆಯ ಕಡ್ಡಿಗಳಿಗೆ ಕ್ಲಿಪ್ ಕಟ್ಟಿ ತೂಗುಹಾಕಿದವರೂ ಇದ್ದಾರೆ. ಸಣ್ಣ ಮನೆಗೆ ಅದು ಅನುಕೂಲ.

ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಆಸೆ ಬೇಡ. ಒಂದು ಕಿಡಿ ಸಾಕು. ಅಡಿಕೆಯ ಸೋಲಾರ್ ಗೂಡು ಇರುವವರಿಗೆ ಸುಲಭ. ಗೂಡಿನ ಒಂದು ಮೂಲೆಯಲ್ಲಿ ನೇತುಹಾಕಿದರೆ ಬಿಸಿಲು ಬಂದ ದಿನ ಮಧ್ಯಾಹ್ನದೊಳಗೆ ಒಣಗುತ್ತದೆ.

ಒಣಗಿತಾ ಎಂದು ನೋಡಲು ತೊಟ್ಟೆಯ ಒಳಬದಿಗೆ ಪೇಪರಿನ ತುಂಡು ಒತ್ತಿ. ಪೇಪರ್ ಒದ್ದೆಯಾದರೆ ಇನ್ನೊಂದು ದಿನ.

ಹೆಜ್ಜೆ 6: ಗೋಣಿಗಳು, ಜಾಗ

ಮನೆಯಲ್ಲಿ ಮೂರು ಚೀಲ ಸಾಕು: ಹಿಗ್ಗುವ ತೊಟ್ಟೆ, ಪರಪರ ತೊಟ್ಟೆ, ಬೆಳ್ಳಿ ತೊಟ್ಟೆ. ನೆಲದಲ್ಲಿ ಇಡಬೇಡಿ, ಮೊಳೆಗೆ ತೂಗುಹಾಕಿ. ನೆಲದಲ್ಲಿದ್ದರೆ ಇಲಿ ಗೂಡು ಮಾಡುತ್ತದೆ. ಇಲಿಜ್ವರ ನಮ್ಮಲ್ಲಿ ಹೊಸದೇನಲ್ಲ. ಹೊರಗೆ ಬಿಟ್ಟ ತೊಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ ಬೇರೆ.

ಹತ್ತು ಮನೆಯದ್ದು ಸೇರುವ ಜಾಗಕ್ಕೆ ಬಾಗಿಲು, ಬೀಗ, ಒಬ್ಬ ಜವಾಬ್ದಾರಿಯವರು ಬೇಕು. ಬಾಗಿಲಿಲ್ಲದ ಶೆಡ್ಡಿನಲ್ಲಿ ಇಟ್ಟರೆ ರಾತ್ರಿ ಬೆಳಗಾಗುವಾಗ ಯಾರ್ಯಾರದೋ ಕಸ ಬಂದು ಬೀಳುತ್ತದೆ. ಇನ್ನೊಂದು ವಿಷಯ ಮರೆಯಬೇಡಿ: ತೆಳು ಪ್ಲಾಸ್ಟಿಕ್ ಬಲು ಬೇಗ ಬೆಂಕಿ ಹಿಡಿಯುತ್ತದೆ. ವಿದ್ಯುತ್ ಮೀಟರ್, ಸ್ವಿಚ್ಚುಗಳ ಹತ್ತಿರ ಇಡಬೇಡಿ. ಎರಡು ಬಕೆಟ್ ಮರಳು ಬಾಗಿಲ ಬಳಿ ಇರಲಿ. ತಿಂಗಳಿಗಿಂತ ಹೆಚ್ಚು ರಾಶಿ ಉಳಿಸಬೇಡಿ.

ಹೆಜ್ಜೆ 7: ತಿಂಗಳಿಗೊಂದು ಭಾನುವಾರ

ಸೇರಿದ್ದನ್ನು ಒಮ್ಮೆ ಕೈಯಾಡಿಸಿ ನೋಡಬೇಕು. ಎಷ್ಟೇ ಹೇಳಿದರೂ ಹಿಗ್ಗುವ ತೊಟ್ಟೆಯ ಚೀಲದಲ್ಲಿ ನಾಲ್ಕು ಬೆಳ್ಳಿ ತೊಟ್ಟೆ ಇದ್ದೇ ಇರುತ್ತದೆ. ಬೆಂಚಿನ ಮೇಲೆ ಹರಡಿ, ಇಬ್ಬಿಬ್ಬರು ಎದುರು ಕೂತರೆ ಮೂವತ್ತು ಮನೆಯದ್ದು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಕೈಗವಸು ಬೇಕು. ಯಾವ ಮನೆಯ ಚೀಲ ಎಂದು ಗಟ್ಟಿಯಾಗಿ ಹೇಳಬೇಡಿ. ತಪ್ಪು ಕಂಡರೆ ಆಮೇಲೆ ಒಬ್ಬರನ್ನೇ ಕರೆದು, "ಅಕ್ಕಾ, ಇದು ಈ ಚೀಲಕ್ಕಲ್ವಾ?" ಎಂದು ತೋರಿಸಿದರೆ ಸಾಕು. ಮುಂದಿನ ತಿಂಗಳು ಅವರ ಚೀಲ ಎಲ್ಲರದ್ದಕ್ಕಿಂತ ಚೊಕ್ಕ ಇರುತ್ತದೆ.

ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯಿರಿ. ದಿನ, ಬಗೆ, ಕಿಲೋ, ಯಾರಿಗೆ ಕೊಟ್ಟದ್ದು, ಇಷ್ಟು ಸಾಕು. ಶಾಲೆ ಮಕ್ಕಳಿಗೆ ಆ ಪುಸ್ತಕ ಕೊಡಿ. ಲೆಕ್ಕ ತಪ್ಪುವುದಿಲ್ಲ.

ಹೆಜ್ಜೆ 8: ಹರಿತ ಕರ್ಮ ಸೇನೆಯ ಅಕ್ಕಂದಿರ ಜೊತೆ

ಪಂಚಾಯತಿನಲ್ಲಿ ಮನೆಗೆ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ, ನಗರಸಭೆಯಲ್ಲಿ 70. ಈ ಹಣದ ಬಗ್ಗೆ ಬಹಳ ಜಗಳ ಕೇಳಿದ್ದೇನೆ. "ನಮ್ಮ ಕಸ ಕೊಟ್ಟು ನಾವೇ ಹಣ ಕೊಡಬೇಕಾ?" ಎನ್ನುತ್ತಾರೆ. ಆ ಹಣವೇ ಅವರ ಸಂಬಳದ ಮುಖ್ಯ ಪಾಲು. ಬಿಸಿಲಲ್ಲಿ, ಮಳೆಯಲ್ಲಿ, ನಾಯಿ ಬೊಗಳುವ ಗೇಟುಗಳನ್ನು ದಾಟಿ, ಗುಡ್ಡ ಹತ್ತಿ ಬರುವವರು ಅವರು. ನಾವು ಗುಂಪಾಗಿ ಕೆಲಸ ಮಾಡುತ್ತೇವೆ ಎಂದು ಹಣ ಕೊಡದೆ ಇರುವುದು ತಪ್ಪು. ಅವರಿಗೆ ಬದಲಾಗಿ ನಾವಲ್ಲ. ಅವರ ಕೆಲಸ ಹಗುರ ಮಾಡಲು ನಾವು.

ಅವರು ಬರುವ ದಿನ ಮೊದಲೇ ತಿಳಿದುಕೊಳ್ಳಿ. ಯಾವ ತಿಂಗಳು ಪ್ಲಾಸ್ಟಿಕ್ ಜೊತೆಗೆ ಬೇರೆ ಏನು ಒಯ್ಯುತ್ತಾರೆ ಎಂಬ ಕ್ಯಾಲೆಂಡರ್ ಇರುತ್ತದೆ. ಬಾಗಿಲಿಗೆ ಅಂಟಿಸಿದ ಕ್ಯೂಆರ್ ಕೋಡ್ ಕೀಳಬೇಡಿ. ಹರಿತಮಿತ್ರಂ ಆ್ಯಪಿನಲ್ಲಿ ಅವರ ಭೇಟಿ ದಾಖಲಾಗುವುದು ಅದರಿಂದಲೇ. ಗೋಣಿಗೆ ಚೀಟಿ ಕಟ್ಟಿ: ಯಾವ ಬಗೆ, ಎಷ್ಟು ಕಿಲೋ. ಕುಳಿತು ಒಂದು ಲೋಟ ನೀರು, ಚಾ ಕುಡಿಯಲು ಜಾಗ ಕೊಡಿ. ಯಾವುದು ಹೋಗುತ್ತದೆ, ಯಾವುದು ಗೂಡಿನಲ್ಲೇ ಕೊಳೆಯುತ್ತದೆ ಎಂದು ಅವರಿಗಿಂತ ಚೆನ್ನಾಗಿ ತಿಳಿದವರು ಯಾರೂ ಇಲ್ಲ. ನಾವು ಕಲಿತದ್ದರಲ್ಲಿ ಅರ್ಧ ಆ ಚಾದ ಹೊತ್ತಿನಲ್ಲೇ ಕಲಿತದ್ದು.

ಹೆಜ್ಜೆ 9: ತೋಟದ ಪ್ಲಾಸ್ಟಿಕ್ ಮರೆಯಬೇಡಿ

ಸೋಲಾರ್ ಗೂಡಿಗೆ ಹಾಕುವ 200 ಮೈಕ್ರಾನಿನ ಹಾಳೆ ಚದರ ಮೀಟರಿಗೆ ಸುಮಾರು 180 ಗ್ರಾಂ ತೂಗುತ್ತದೆ. 50 ಚದರ ಮೀಟರಿನ ಹಾಳೆ ಎಂದರೆ 9 ಕಿಲೋ, ಹತ್ತು ಮನೆಯ ಒಂದು ವರ್ಷದ ಹಾಲಿನ ತೊಟ್ಟೆಗೆ ಸಮ. ಇದನ್ನು ಪುಡಿಪುಡಿಯಾಗುವ ತನಕ ಬಿಡಬೇಡಿ. ಬಿಸಿಲಿಗೆ ಸತ್ವ ಹೋದ ಹಾಳೆ ಕೈಯಲ್ಲೇ ಚೂರಾಗಿ ಮಣ್ಣಿಗೆ ಸೇರುತ್ತದೆ, ಮತ್ತೆ ಹೆಕ್ಕಲು ಆಗುವುದಿಲ್ಲ. ಹರಿಯಲು ಶುರುವಾದ ವರ್ಷವೇ ಇಳಿಸಿ, ತೊಳೆದು, ಸುತ್ತಿ ಕೊಡಿ.

ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿಯ ನರ್ಸರಿ ತೊಟ್ಟೆಯನ್ನು ನೆಡುವಾಗ ಗುಂಡಿಯಲ್ಲೇ ಬಿಡುವವರಿದ್ದಾರೆ. ಕೆಲಸದವರ ಸೊಂಟಕ್ಕೆ ಒಂದು ಚೀಲ ಕಟ್ಟಿಸಿ. ಕಿತ್ತ ತೊಟ್ಟೆ ನೇರ ಅದಕ್ಕೆ. ಮೈಲುತುತ್ತಿನ ಒಳತೊಟ್ಟೆ ತೊಳೆದ ನೀರನ್ನು ಬೋರ್ಡೋ ದ್ರಾವಣದ ಬ್ಯಾರೆಲ್ಲಿಗೇ ಹಾಕಿ. ತೊಟ್ಟೆಯನ್ನು ಅಡುಗೆಮನೆಯ ಗೋಣಿಗೆ ಸೇರಿಸಬೇಡಿ. ಕೀಟನಾಶಕದ ಖಾಲಿ ಪ್ಯಾಕೆಟ್ ಅಂತೂ ಪೂರ್ತಿ ಬೇರೆ, ಬೀಗದ ಒಳಗೆ. ಅದನ್ನು ಹೇಗೆ ಕೊಡಬೇಕು ಎಂದು ಕೃಷಿಭವನದಲ್ಲಿ ಕೇಳಿ. ರಬ್ಬರ್ ಮರಕ್ಕೆ ಮಳೆಗಾಲದಲ್ಲಿ ಕಟ್ಟುವ ಪ್ಲಾಸ್ಟಿಕ್ಕಿನಲ್ಲಿ ಅಂಟು ಮೆತ್ತಿಕೊಂಡಿರುತ್ತದೆ. ಅಂಟಿನ ಅಂಚನ್ನು ಕತ್ತರಿಸಿ ಉಳಿದದ್ದನ್ನು ಕೊಡಿ.

ಹೆಜ್ಜೆ 10: ಬೆಳ್ಳಿ ತೊಟ್ಟೆಯ ವಿಷಯದಲ್ಲಿ ನಿಜ ಹೇಳಿ

ಇದು ಮತ್ತೆ ಚಿಪ್ಸ್ ಪ್ಯಾಕೆಟ್ ಆಗುವುದಿಲ್ಲ. ಜನರಿಗೆ ಸುಳ್ಳು ಭರವಸೆ ಕೊಡಬೇಡಿ. ಇದು ಹೆಚ್ಚಾಗಿ ಹೋಗುವುದು ಸಿಮೆಂಟ್ ಕಾರ್ಖಾನೆಯ ಗೂಡಿಗೆ, 1,400 ಡಿಗ್ರಿಗೂ ಮಿಕ್ಕಿದ ಶಾಖದಲ್ಲಿ ಇಂಧನವಾಗಿ. ತೆಳು ಪ್ಲಾಸ್ಟಿಕ್ಕಿಗೆ ರಸ್ತೆಯ ದಾರಿಯೂ ಇದೆ. ತಮಿಳುನಾಡಿನ ಮದುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಆರ್. ವಾಸುದೇವನ್ ತೋರಿಸಿಕೊಟ್ಟ ವಿಧಾನ ಅದು. ಬಿಸಿ ಜಲ್ಲಿಯ ಮೇಲೆ ಚೂರು ಮಾಡಿದ ಪ್ಲಾಸ್ಟಿಕ್ ಉದುರಿಸಿದರೆ ಕರಗಿ ತೆಳುವಾಗಿ ಹೊದ್ದುಕೊಳ್ಳುತ್ತದೆ, ಆಮೇಲೆ ಡಾಮರು ಚೆನ್ನಾಗಿ ಹಿಡಿಯುತ್ತದೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಕ್ಲೀನ್ ಕೇರಳ ಕಂಪನಿಯೂ ರಸ್ತೆ ಕೆಲಸಕ್ಕೆ ಪ್ಲಾಸ್ಟಿಕ್ ಚೂರು ಒದಗಿಸುತ್ತದೆ. ಅಲ್ಲಿಗೂ ಒಣಗಿದ್ದೇ ಬೇಕು, ಪಿವಿಸಿ ಸೇರಬಾರದು.

ನನ್ನ ಮಾತು ಕೇಳಿದರೆ, ಬೆಳ್ಳಿ ತೊಟ್ಟೆಯನ್ನು ಸೇರಿಸುವುದಕ್ಕಿಂತ ಕಡಿಮೆ ಮಾಡುವುದರಲ್ಲಿ ಹೆಚ್ಚು ಶ್ರಮ ಹಾಕಿ. ಪದರ ಪದರ ಪ್ಯಾಕಿಂಗ್ ಮಾಡುವ ಕಂಪನಿಗಳೇ ಅದನ್ನು ವಾಪಸು ಪಡೆಯುವ ಹೊಣೆ ಹೊರಬೇಕು ಎಂದು 2016ರ ಪ್ಲಾಸ್ಟಿಕ್ ನಿಯಮಗಳಲ್ಲೇ ಇದೆ. 2022ರಲ್ಲಿ ಆ ಹೊಣೆಗೆ ಗುರಿಗಳನ್ನೂ ನಿಗದಿ ಮಾಡಿದರು.

ಹೆಜ್ಜೆ 11: ಮದುವೆ, ಬ್ರಹ್ಮಕಲಶ, ಉರೂಸ್

ಒಂದು ದಿನದ ಅನ್ನದಾನದಲ್ಲಿ ಸೇರುವ ಪ್ಲಾಸ್ಟಿಕ್ ನಮ್ಮ ಒಂದು ವರ್ಷದ ದುಡಿಮೆಯನ್ನು ನುಂಗಬಹುದು. ಅದನ್ನು ಊಟ ಮುಗಿದ ಮೇಲೆ ವಿಂಗಡಿಸಲು ಆಗುವುದಿಲ್ಲ, ಎಲ್ಲಕ್ಕೂ ಸಾರು ಮೆತ್ತಿರುತ್ತದೆ. ಸಮಿತಿಯ ಮೊದಲ ಸಭೆಯಲ್ಲೇ ಮಾತಾಡಿ. ಬಾಳೆಲೆ, ಅಡಿಕೆ ಹಾಳೆಯ ತಟ್ಟೆ, ಸ್ಟೀಲ್ ಲೋಟ. ಅಡುಗೆಯವರ ಹತ್ತಿರ ಮಾತ್ರ ಒಂದು ಗೋಣಿ ಕಟ್ಟಿ. ಅಕ್ಕಿ, ಬೇಳೆ, ಸಕ್ಕರೆಯ ದೊಡ್ಡ ತೊಟ್ಟೆಗಳು ಅಲ್ಲಿ ಒಣಗಿಯೇ ಸಿಗುತ್ತವೆ.

ಹೆಜ್ಜೆ 12: ಪುಸ್ತಕ ಹಿಡಿದು ಗ್ರಾಮಸಭೆಗೆ

ಆರು ತಿಂಗಳ ತೂಕದ ಲೆಕ್ಕ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಕನ್ನಡದಲ್ಲೇ ಅರ್ಜಿ ಬರೆಯಿರಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ನಮ್ಮದು, ಅದು ನಮ್ಮ ಹಕ್ಕು. ಎಲ್ಲವನ್ನೂ ಒಮ್ಮೆಲೇ ಕೇಳಬೇಡಿ. ನಾವು ಮೊದಲ ಸಲ ಕೇಳಿದ್ದು ಎರಡೇ: ವಾರ್ಡಿನ ಗೂಡಿಗೆ ಮಳೆ ಬೀಳದ ಮಾಡು, ಮತ್ತು ಹಾಲಿನ ತೊಟ್ಟೆಗೆ ಬೇರೆ ಗೋಣಿ. ಗೋಣಿ ಆ ತಿಂಗಳೇ ಸಿಕ್ಕಿತು. ಮಾಡಿಗೆ ಎರಡು ಗ್ರಾಮಸಭೆ ಕಾಯಬೇಕಾಯಿತು. ಅರ್ಜಿಯ ಒಂದು ಪ್ರತಿಗೆ ಸೀಲು ಹಾಕಿಸಿ ಪುಸ್ತಕದೊಳಗೆ ಇಟ್ಟುಕೊಳ್ಳಿ. ಮುಂದಿನ ಸಭೆಗೆ ಹೋಗುವಾಗ ಅದನ್ನೂ, ಅಷ್ಟರಲ್ಲಿ ಸೇರಿದ ಹೊಸ ತೂಕದ ಲೆಕ್ಕವನ್ನೂ ಒಯ್ಯಿರಿ.